ಹೊಳೆದಂಡೆಯಲ್ಲಿ ಕಾದಿಟ್ಟ ಜಾಗ

ಎದುರಿನ ಸೈಟಿನಲ್ಲಿ ಮನೆ ಕಟ್ಟಲು ಶುರು ಮಾಡಿದ್ದಾರೆ. ಮೊನ್ನೆ ಬೆಳಿಗ್ಗೆ ಜೆಸಿಬಿ ಬಂದು ನೀರಿನ ಸಂಪಿಗಾಗಿ ಗುಂಡಿ ತೋಡುತ್ತಿತ್ತು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಅಡುಗೆಮನೆಯ ಕಿಟಕಿಯಿಂದ ಹಸಿಮಣ್ಣಿನ ವಾಸನೆ ಒಳಗೆ ಬಂತು. ಮೊದಲ ಮಳೆಗೆ ಏಳುವ ವಾಸನೆಯಲ್ಲ, ಅದನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಇದು ಎಂದೂ ಬಿಸಿಲು ಕಾಣದ ಮಣ್ಣು ಹೊರಗೆ ಬಿದ್ದಾಗಿನ ವಾಸನೆ. ಹರಿದ ಬೇರಿನದು, ತಣ್ಣಗಿನದು. ಹೋಗಿ ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಊರಿನ ಪಕ್ಕದ ಮನೆಯ ದೊಡ್ಡವ್ವ ನೆನಪಾಗಿಬಿಟ್ಟಿದ್ದಳು...

ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಕಪಿಲೆಯ ದಂಡೆಯ ಮೇಲಿದೆ. ದೊಡ್ಡವ್ವ ನೆಂಟಳೇನಲ್ಲ. ಗೋಡೆಗೆ ಗೋಡೆ ಅಂಟಿದ ಮನೆ, ಆದ್ದರಿಂದ ದೊಡ್ಡವ್ವ. ನಾನು ಆಗ ನಂಜನಗೂಡಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಸಂಜೆ ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದವಳಂತೆ ಜಗಲಿಯಿಂದ ಕೂಗುತ್ತಿದ್ದಳು: "ಬಂದ್ರಾ ಮೇಡಮ್ಮೋರು? ಇವತ್ ಭೂಮಿ ಗುಂಡಗದಾ ಚಪ್ಪಟ್ಟೆಗದಾ?" ಅವಳ ಬಾಯಿಗೆ ಸಿಕ್ಕದವರು ಊರಲ್ಲಿ ಯಾರೂ ಇರಲಿಲ್ಲ. ಅವಳ ಗಂಡ ದೊಡ್ಡಪ್ಪನಂತೂ ದಿನಕ್ಕೆ ನಾಲ್ಕು ಸಲ ಸಿಕ್ಕುತ್ತಿದ್ದರು. ದೊಡ್ಡಪ್ಪ ಎಲ್ಲಕ್ಕೂ ನಕ್ಕು ಮಡಕೆಯಿಂದ ನೀರು ಬಗ್ಗಿಸಿಕೊಂಡು ಕುಡಿದು ತೋಟಕ್ಕೆ ಹೊರಟುಬಿಡುತ್ತಿದ್ದರು.

ಅವರು ತೀರಿಕೊಂಡಾಗ ಹೊಳೆದಂಡೆಯ ತೋಟದಲ್ಲೇ ಕೂರಿಸಿದರು. ನಮ್ಮಲ್ಲಿ ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ, ಕೂತ ಹಾಗೆಯೇ ಮಣ್ಣು ಮಾಡುವುದು. ಅದಕ್ಕೇ ಸತ್ತವರ ಬಗ್ಗೆ ಮಾತಾಡುವಾಗಲೂ ‘ಅಲ್ಲಿ ಕೂತವ್ರೆ’ ಎನ್ನುತ್ತೇವೆ. ಸಮಾಧಿಯ ಪಕ್ಕಕ್ಕೆ, ಮೇಲಿನ ಹೊಲಗಳ ಕಡೆಗೆ, ಒಬ್ಬರು ಕೂರುವಷ್ಟು ನೆಲವನ್ನು ದೊಡ್ಡವ್ವ ಬೇರೆ ಮಾಡಿಟ್ಟಳು. ಸುತ್ತ ಕಲ್ಲು ಜೋಡಿಸಿದಳು. ಅಲ್ಲಿ ಒಂದು ಮೆಣಸಿನ ಗಿಡವನ್ನೂ ಯಾರೂ ನೆಡುವ ಹಾಗಿರಲಿಲ್ಲ. ಬದುಕಿರುವಾಗಲೇ ಇದೇನು ದೊಡ್ಡವ್ವ ಎಂದು ನಾನು ಬೈದರೆ ಅವಳು ನಗಲಿಲ್ಲ.

"ಮದ್ವೆ ಆದಾಗಿಂದ ಅವ್ರ ಪಕ್ಕ ಕೂರಕ್ ಪುರ್ಸೊತ್ ಎಲ್ಲಿತ್ತು ಮಗ? ಅವರ್ಗೆ ಬಡ್ಸದು, ಆಮೇಕೆ ಒಲೆ ಮುಂದೆ ಕೂತ್ಕಂಡ್ ಉಣ್ಣದು. ಅಲ್ಲಾರ ಪಕ್ಕದಲ್ ಕೂರ್ತೀನಿ."

ಆಗ ಆ ದಂಡೆ ಹೊಳೆಗೆ ಮೆಲ್ಲಗೆ ಇಳಿಯುತ್ತಿತ್ತು. ಹೊಂಗೆಮರಗಳಿದ್ದವು, ಬಿದಿರಿನ ಮೆಳೆ ಇತ್ತು. ಮರಳಿನ ಲಾರಿಗಳು ಬರಲು ಶುರುವಾದ ಮೇಲೆ ದಾರಿಗಾಗಿ ಮೆಳೆ ಹೋಯಿತು, ಆಮೇಲೆ ಮರಗಳು. ಮರಳು ಬಗೆದೂ ಬಗೆದೂ ಹೊಳೆ ಕೆಳಗಿಳಿದು ದಂಡೆಯ ಬುಡವನ್ನು ತಿನ್ನತೊಡಗಿತು. ಇಳಿಜಾರು ಹೋಗಿ ಗೋಡೆಯಂತೆ ನಿಂತಿತು. ಮೇಲುಗಡೆ, ಮೊದಲು ರಾಗಿ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ಕಾಲುವೆಯ ನೀರು ಬಂದು ಭತ್ತದ ಗದ್ದೆಯಾದವು. ತಿಂಗಳುಗಟ್ಟಲೆ ನಿಂತ ನೀರು. ಭೂಕುಸಿತವೆಂದರೆ ಕೊಡಗು, ಘಟ್ಟ ಎಂದೇ ನಮ್ಮೆಲ್ಲರ ಲೆಕ್ಕ. ನಾನೂ ಮಕ್ಕಳಿಗೆ ಬೆಟ್ಟದ ಚಿತ್ರವನ್ನೇ ತೋರಿಸುತ್ತಿದ್ದೆ. ಬುಡ ಕೊರೆದು, ಬೇರು ಕಿತ್ತು, ಹೊಟ್ಟೆ ತುಂಬ ನೀರು ಕುಡಿಸಿದರೆ ಬಯಲುನಾಡಿನ ದಂಡೆಯೂ ಜಾರುತ್ತದೆ. ಅದಕ್ಕೆ ಬೆಟ್ಟವೇ ಬೇಕಿಲ್ಲ.

ಒಂದು ಬೇಸಿಗೆಯಲ್ಲಿ ದೊಡ್ಡಪ್ಪನ ಸಮಾಧಿಯ ಕೆಳಗೆ, ದಂಡೆಯ ನಡುಮಧ್ಯದಲ್ಲಿ, ನೀರು ಜಿನುಗಿತು. ಹೊಳೆಯಲ್ಲೇ ನೀರಿಲ್ಲದ ಕಾಲ. ಊರಿಗೆ ಊರೇ ಬಂತು. ಪುಣ್ಯಾತ್ಮರ ಕಾಲಡಿಯಲ್ಲಿ ಗಂಗೆ ಹುಟ್ಟಿದಳು ಎಂದರು. ಜೀವಮಾನವೆಲ್ಲ ಬೈಸಿಕೊಂಡ ಆ ಸಾಧು ಮನುಷ್ಯ ಸತ್ತ ಮೇಲೆ ಒಮ್ಮೆಗೇ ಶರಣರಾಗಿಬಿಟ್ಟರು! ಜನ ತಂಬಿಗೆಯಲ್ಲಿ ತೀರ್ಥ ತುಂಬಿಕೊಂಡು ಹೋದರು. ದೊಡ್ಡವ್ವ ಇದ್ದ ಒಡವೆ ಮಾರಿ ಸಮಾಧಿಯ ಮೇಲೆ ಚಪ್ಪಡಿಕಲ್ಲಿನ ದೊಡ್ಡ ಕಟ್ಟೆ ಕಟ್ಟಿಸಿದಳು. ದಿನವೂ ಬಿಂದಿಗೆಗಟ್ಟಲೆ ನೀರು ಹೊತ್ತು ಅದನ್ನು ತೊಳೆಯುತ್ತಿದ್ದಳು. ಒಲವಿನಿಂದ ಮಾಡಿದ ಒಂದೊಂದು ಕೆಲಸವೂ ಆ ದಂಡೆಗೆ ಭಾರವಾಗುತ್ತಿತ್ತು...

ಹೇಳಿದೆ. ಇದು ಮೇಲಿನ ಗದ್ದೆಯ ನೀರು ದೊಡ್ಡವ್ವ, ಒಳಗಿನ ಮಣ್ಣು ಸಡಿಲವಾಗುತ್ತಿದೆ, ಕಲ್ಲು ತೆಗೆಸು, ಗದ್ದೆಯವರಿಗೆ ಹೇಳಿ ಬಸಿಗಾಲುವೆ ತೋಡಿಸು ಎಂದೆ. ಅವಳು ತೀರ್ಥದ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಾ ಕೇಳಿಸಿಕೊಂಡಳು.

"ಗದ್ದೆ ನೀರೇ ಇರ್ಲಿ ಕಣ್ ಮಗ. ಅವ್ರ ಕಾಲ್ ತೊಳ್ಕಂಡ್ ಬತ್ತದಲ್ಲ."

ಆದರೂ ನನ್ನ ಮಾತು ಅವಳೊಳಗೆ ಕೊರೆದಿರಬೇಕು. ಒಂದು ದಿನ ಮಠದ ಅಯ್ನೋರನ್ನು ಕರೆಸಿ ಸಮಾಧಿಯನ್ನು ಬೇರೆ ಕಡೆ ಮಾಡಬಹುದೇ ಎಂದು ಕೇಳಿದಳು. ಕೂತವರನ್ನು ಎಬ್ಬಿಸಬಾರದು, ಬೇಕಾದರೆ ಒಂದು ಬೊಗಸೆ ಮಣ್ಣು ತೆಗೆದುಕೊಂಡು ಹೋಗಿ ಪ್ರತಿಷ್ಠೆ ಮಾಡು ಎಂದರು ಅವರು. "ಬೊಗ್ಸೆ ಮಣ್ ಪಕ್ಕ ನಾನ್ ಕೂರ್ಲಾ?" ಎಂದು ಎದ್ದುಬಿಟ್ಟಳು. ಗದ್ದೆಯವರ ಬಳಿಗೂ ಹೋಗಿದ್ದಳು. ಕೈಗೆ ಬಂದ ನೀರನ್ನು ಬಸಿದು ಹೊಳೆಗೆ ಬಿಡಲು ಯಾರಿಗೂ ಮನಸ್ಸಿರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ನೆಲದಲ್ಲಿ ಬಿರುಕು ಕಾಣಿಸಿತು. ಅದೂ ಎಲ್ಲಿ? ದೊಡ್ಡಪ್ಪನ ಕಟ್ಟೆಗೂ ಅವಳ ಜಾಗಕ್ಕೂ ನಡುವೆ, ಕುಡುಗೋಲಿನ ಹಾಗೆ ಬಾಗಿಕೊಂಡು. ದೊಡ್ಡವ್ವ ಅದಕ್ಕೆ ಮಣ್ಣು ತುಂಬಿದಳು. ಮೇಲೆ ಸಗಣಿ ಸಾರಿಸಿ ರಂಗೋಲಿ ಹಾಕಿದಳು. ವಾರ ಕಳೆದರೆ ರಂಗೋಲಿ ಎರಡು ಹೋಳಾಗಿರುತ್ತಿತ್ತು. ಮತ್ತೆ ಸಾರಿಸುವುದು, ಮತ್ತೆ ಹಾಕುವುದು. ದಂಡೆ ಒಳಗೊಳಗೇ ಜಾರುವಾಗ ಮೇಲಿನದು ಹಿಂದಕ್ಕೆ ವಾಲುತ್ತದೆ, ಕಟ್ಟೆಯೂ ವಾಲಿತು. ಅವಳು ನನ್ನ ಕೈ ಹಿಡಿದು ಕರೆದೊಯ್ದು ತೋರಿಸಿದಳು. "ನೋಡ್ ಮಗ, ನನ್ ಕಡೀಕೇ ವಾಲವ್ರೆ." ಮುಖದಲ್ಲಿ ನಾಚಿಕೆಯಿತ್ತು. ನಾನು ಬೇರೆ ಕಡೆ ನೋಡಿದೆ.

ಆ ವರ್ಷ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ದಂಡೆಯ ಅಂಚಿಗೆ ಬಂತು. ಜನ ಬಂದು ನಿಂತು ನೋಡಿದರು. ದಂಡೆ ಅಲುಗಲಿಲ್ಲ. ಆಮೇಲೆ ಗೇಟು ಇಳಿಸಿದರು, ನೀರು ಸರಸರನೆ ತಗ್ಗಿತು, ಬಿಸಿಲು ಬಂತು, ಗಂಡಾಂತರ ಕಳೆಯಿತೆಂದು ಎಲ್ಲರೂ ಮನೆಗೆ ಹೋದರು. ದಂಡೆ ಜಾರುವುದು ಆಗಲೇ. ಅದುವರೆಗೆ ಹೊಳೆಯ ನೀರಾದರೂ ಅದಕ್ಕೆ ಒತ್ತುಕೊಟ್ಟು ನಿಂತಿರುತ್ತದೆ. ಅದು ಇಳಿದ ಮೇಲೆ ನೆನೆದ ಮಣ್ಣನ್ನು ಹಿಡಿಯುವವರಿಲ್ಲ.

ಭಾನುವಾರ ಮಧ್ಯಾಹ್ನ. ನಾನೂ ಅವಳ ಜೊತೆಗೆ ಹೋಗಿದ್ದೆ. ಅವಳು ಬಿಲ್ವಪತ್ರೆ ಬಿಡಿಸುತ್ತಿದ್ದಳು. ದೊಡ್ಡ ಸದ್ದೇನೂ ಆಗಲಿಲ್ಲ. ಬಿರುಕು ಬಾಯಿಬಿಟ್ಟಿತು, ಕಟ್ಟೆ ಕೂತ ಹಾಗೆಯೇ ಕೆಳಗಿಳಿಯಿತು... ಆಮೇಲೆ ಹೊಳೆಯಲ್ಲಿ ಕೆಂಪು ನೀರು ಸುತ್ತಿತು. ನಾನು ಅವಳ ಸೀರೆ ಹಿಡಿದು ಹಿಂದಕ್ಕೆಳೆದೆ.

"ರೀ..." ಎಂದಳು. ಊಟಕ್ಕೆ ಕರೆಯುವಾಗ ಹಾಗೆ ಕರೆಯುತ್ತಿದ್ದಳು. ಇನ್ನೊಂದು ಸಲ, ಇನ್ನಷ್ಟು ಗಟ್ಟಿಯಾಗಿ. ಮತ್ತೆ ಕರೆಯಲಿಲ್ಲ.

ಅವಳ ಜಾಗ ಮಾತ್ರ ಉಳಿಯಿತು, ದಂಡೆಯ ತುಟ್ಟತುದಿಯಲ್ಲಿ, ಸುತ್ತ ಜೋಡಿಸಿದ ಕಲ್ಲಿನ ಸಮೇತ. ಅಂದಿನಿಂದ ದೊಡ್ಡವ್ವ ಯಾರನ್ನೂ ಬೈಯಲಿಲ್ಲ. ನಾನು ಬಸ್ಸಿಳಿದು ಬಂದರೆ ಭೂಮಿಯ ವಿಚಾರ ಕೇಳಲಿಲ್ಲ. ಬನ್ನೂರಿಗೆ ಕೊಟ್ಟಿದ್ದ ಮಗಳು ಬಂದು ಕರೆದರೂ ಹೋಗಲಿಲ್ಲ. ಮಲಗಿದಲ್ಲೇ ಆದ ಮೇಲೆ ಮಗಳನ್ನೂ ನನ್ನನ್ನೂ ಹತ್ತಿರ ಕೂರಿಸಿಕೊಂಡು ಹೇಳಿದಳು: "ನನ್ನ ಅಲ್ಲೇ ಕೂರ್ಸಿ. ಇವತ್ತಲ್ಲ ನಾಳೀಕೆ ಅದೂ ಜಾರ್ತದೆ. ಅವ್ರ್ ಓದ್ ಕಡೀಕೇ ಓಯ್ತೀನಿ." ಅವಳು ತೀರಿಕೊಂಡಾಗ ಅಷ್ಟು ತುದಿಯಲ್ಲಿ ಬೇಡವೆಂದು ಊರಿನವರು ಜಗಳಕ್ಕೆ ನಿಂತರು. ಮಗಳು ಬಗ್ಗಲಿಲ್ಲ. ಅವಳನ್ನು ಅಲ್ಲೇ, ಹೊಳೆಯ ಕಡೆಗೆ ಮುಖ ಮಾಡಿ ಕೂರಿಸಿದೆವು.

ಈಗ ನಾನು ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಆ ಮಣ್ಣಿನ ವಾಸನೆ ಬಂದ ಮೇಲೆ ಮನಸ್ಸು ತಡೆಯದೆ ನಿನ್ನೆ ಊರಿಗೆ ಹೋಗಿಬಂದೆ. ದೊಡ್ಡವ್ವನ ಮಗಳೂ ಬನ್ನೂರಿನಿಂದ ಬಂದಿದ್ದಳು. ದಂಡೆಯ ಗುರುತೇ ಸಿಗಲಿಲ್ಲ. ಪಕ್ಕದಲ್ಲಿರುವ ಕುಡಿಯುವ ನೀರಿನ ಪಂಪ್‌ಹೌಸ್ ಜಾರಿಹೋದೀತೆಂಬ ಭಯಕ್ಕೆ ಬುಡದಿಂದ ತಲೆಯವರೆಗೆ ಕಾಂಕ್ರೀಟಿನ ತಡೆಗೋಡೆ ಕಟ್ಟಿದ್ದಾರೆ, ದೊಡ್ಡವ್ವನ ತೋಟದ ಉದ್ದಕ್ಕೂ. ಗದ್ದೆ ನೀರಿಗೆ ಬಸಿಗಾಲುವೆ ಬಂದಿದೆ. ಮರಳಿನ ಲಾರಿಗಳು ಬರುವುದು ನಿಂತಿದೆ. ನಾನು ಅಂದು ಗೋಗರೆದದ್ದೆಲ್ಲ ಆಗಿದೆ.

"ಇನ್ ನೂರ್ ವರ್ಸ ಅಲ್ಲಾಡಕಿಲ್ವಂತೆ ಕಣಕ್ಕ," ಎಂದಳು ಮಗಳು, ಗೋಡೆಯನ್ನು ಕೈಯಿಂದ ತಟ್ಟಿ. "ನಮ್ಮವ್ವ ಬದ್ರವಾಗವ್ಳೆ."

ಹೂಂ ಎಂದೆ. ಗೋಡೆಯ ಕೆಳಗೆ ಹೊಳೆ ನರಸೀಪುರದ ಕಡೆಗೆ ಹರಿಯುತ್ತಿತ್ತು. ದೊಡ್ಡವ್ವ ಗೋಡೆಯ ಮೇಲುಗಡೆ ಒಬ್ಬಳೇ ಕೂತಿದ್ದಳು. ಅವಳು ಇನ್ನು ಜಾರುವುದಿಲ್ಲ.