ಮಾಲೀಕರಲ್ಲಿ ಬದಲಾವಣೆ ಇಲ್ಲ

ಟೈರು ಅಂಗಡಿಯ ಹಿಂದಿನ ಒಂದೇ ಕೋಣೆ ಆ ಸಾಗಣೆ ಕಂಪನಿಯ ಕಚೇರಿ. ಕಂಪನಿ ಎಂದರೆ ಒಂದು ಲಾರಿ, ಅದನ್ನು ಓಡಿಸುವ ಗಂಡ, ಕಾಗದಪತ್ರ ನೋಡಿಕೊಳ್ಳುವ ಹೆಂಡತಿ. ಎಂಥ ದಟ್ಟಣೆಯಲ್ಲೂ ಹಾರನ್ ಒತ್ತದ ಗಂಡನಿಗೆ ಜತೆಯ ಡ್ರೈವರುಗಳು ‘ಮೂಗಪ್ಪ’ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅವನ ಪಾಲಿನ ಮಾತನ್ನೂ ತಾನೇ ಆಡಬೇಕು ಎಂದು ಅವಳು ನಗುತ್ತಿದ್ದಳು.

ರಾಜ್ಯದ ಗಡಿ ದಾಟುವ ಲಾರಿ ಕಂಪನಿಗಳೆಲ್ಲ ವರ್ಷ ಮುಗಿಯುವುದರೊಳಗೆ ನೋಂದಣಿ ನವೀಕರಿಸಬೇಕು. ಇಲ್ಲದಿದ್ದರೆ ಹೊಸ ವರ್ಷದಲ್ಲಿ ಗಡಿಯ ಗೇಟು ಏಳುವುದಿಲ್ಲ. ಲಾರಿ ಎಷ್ಟು, ವಿಳಾಸ ಅದೇನಾ, ಮಾಲೀಕರು ಅವರೇನಾ? ಕಂಪ್ಯೂಟರಿನ ಮುಂದೆ ಕೂತು ‘ಬದಲಾವಣೆ ಇಲ್ಲ’ ಎಂದು ಒತ್ತುತ್ತ ಹೋಗುವುದು ಅವಳ ಬೆರಳಿಗೆ ಬಾಯಿಪಾಠವಾಗಿತ್ತು.

ದೂರದ ಬಾಡಿಗೆ ಮುಗಿಸಿ ಬಂದರೆ, ಅಂಗಳದಲ್ಲಿ ನಿಂತ ಲಾರಿಯಲ್ಲೇ ಒಂದು ನಿದ್ದೆ ತೆಗೆದು ಮನೆಯೊಳಗೆ ಬರುವುದು ಅವನ ಅಭ್ಯಾಸ. ಅವತ್ತು ಚಹ ಹಿಡಿದು ಹೋದವಳು ಕಾಲು ಅಲುಗಿಸಿದಳು, ಭುಜ ಹಿಡಿದು ಕುಲುಕಿದಳು, ಕೊನೆಗೆ ಹಾರನ್ನನ್ನೇ ಒತ್ತಿ ಹಿಡಿದಳು. ಅಕ್ಕಪಕ್ಕದವರೆಲ್ಲ ಎದ್ದು ಬಂದರು. ಅವನು ಏಳಲಿಲ್ಲ.

ನವೀಕರಣದ ಹೊತ್ತಿಗೆ ಬೆರಳು ತನ್ನಷ್ಟಕ್ಕೆ ಓಡಿತು. ಮಾಲೀಕರು: ಬದಲಾವಣೆ ಇಲ್ಲ. ಒತ್ತಿದ ಮೇಲಷ್ಟೇ ಅವಳು ಆ ಸಾಲನ್ನು ಓದಿದಳು. ತಿದ್ದಲಿಲ್ಲ. ತಿದ್ದಿದರೆ ಹಳೆಯ ನೋಂದಣಿ ಮುಚ್ಚಿ ಎಲ್ಲ ಮೊದಲಿಂದ. ಅಲ್ಲಿಯವರೆಗೆ ಲಾರಿ ಅಂಗಳದಲ್ಲಿ, ಮನೆ ಉಪವಾಸ. ಅದಕ್ಕಿಂತ ಹೆಚ್ಚಾಗಿ, ಪರದೆಯ ಮೇಲೆ ಅವನ ಹೆಸರು ಇನ್ನೂ ಇತ್ತು.

ನೂರು ಲಾರಿಯ ಯಜಮಾನ ಸತ್ತರೆ ಒಂದು ಚಕ್ರವೂ ನಿಲ್ಲುವುದಿಲ್ಲ. ಅವನ ಕಂಪನಿಗೆ ಸಾವೇ ಇಲ್ಲದ ಹಾಗೆ ಕಾನೂನೇ ಏರ್ಪಾಟು ಮಾಡಿಕೊಟ್ಟಿದೆ. ಒಂದು ಲಾರಿಯವನು ಸತ್ತರೆ ಕಂಪನಿಯನ್ನೂ ಅವನ ಜತೆ ಹೂಳಬೇಕು. ನಿಯಮ ಎಲ್ಲರಿಗೂ ಒಂದೇ ಅನ್ನುವವರು ಆ ಹೆಂಗಸಿನ ಮುಂದೆ ನಿಂತು ಹೇಳಲಿ.

ಮೈದುನ ಸ್ಟೇರಿಂಗ್ ಹಿಡಿದ. ಹೊರಡುವಾಗ, “ಅತ್ತಿಗೆ, ಸೀಟಲ್ಲಿ ಅಣ್ಣನ ಅಳತೆಗೆ ಗುಂಡಿ ಬಿದ್ದಿದೆ, ನಾನು ಅದರೊಳಗೆ ಮುಳುಗೇ ಹೋಗ್ತೀನಿ” ಅಂದ.

ಹೊಸ ವರ್ಷದಲ್ಲಿ ಮೊದಲ ಸಲ ದಾಟುವ ಲಾರಿಯ ಮಾಲೀಕನನ್ನು ಮಾತಾಡಿಸಿಯೇ ಗೇಟು ಎತ್ತುವುದು ಗಡಿಯಲ್ಲಿನ ಪದ್ಧತಿ. ಇದು ಅವಳಿಗೆ ಗೊತ್ತೇ ಇರಲಿಲ್ಲ. ಪ್ರತಿವರ್ಷ ಮಾಲೀಕನೇ ಕ್ಯಾಬಿನ್ನಿನಲ್ಲಿ ಕೂತಿರುತ್ತಿದ್ದ. ಅಧಿಕಾರಿ ಫೋನು ಮಾಡುವ ಪ್ರಮೇಯ ಬಂದಿರಲಿಲ್ಲ.

ಈ ಸಲ ಕಚೇರಿಯಲ್ಲಿ ಗಂಡನ ಫೋನು ಬಡಿದುಕೊಂಡಿತು. ಅವಳೇ ಎತ್ತಿದಳು. ಗಡಿಯ ಅಧಿಕಾರಿ ಮಾಲೀಕರಿಗೆ ಕೊಡು ಅಂದ.

“ಮಲಗಿದ್ದಾರೆ ಸಾರ್.”

“ಎಬ್ಬಿಸಮ್ಮ. ಹೌದು ಅಂತ ಒಂದು ಮಾತು ಹೇಳಿದ್ರೆ ಸಾಕು, ಗಾಡಿ ಬಿಡ್ತೀನಿ.”

ಅವನ ದನಿ ಒರಟಾಗಿರಲಿಲ್ಲ. ಟೈರು ಅಂಗಡಿಯವನನ್ನು ಕರೆದು ಹೌದು ಅನ್ನಿಸಿದ್ದರೆ ಮುಗಿಯುತ್ತಿತ್ತು. ಆತ ಬಾಗಿಲಲ್ಲೇ ನಿಂತಿದ್ದ, ಕೈಯನ್ನೂ ಚಾಚಿದ. ಅವಳು ಫೋನು ಕೊಡಲಿಲ್ಲ.

“ಅವತ್ತೇ ಎಬ್ಬಿಸಿದೆ ಸಾರ್. ಏಳಲಿಲ್ಲ. ಗಾಡಿಯೊಳಗೇ ಹೋಗ್ಬಿಟ್ರು.”

ಗಂಡ ಹೋದ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾವಿನ ಮನೆಯಲ್ಲಿ ಆ ಮಾತನ್ನು ಬೇರೆಯವರು ಆಡಿದ್ದರು. ಹಾಗಿದ್ರೆ ನನ್ನ ಕೈಯಲ್ಲೇನೂ ಇಲ್ಲಮ್ಮ ಅಂದ ಅಧಿಕಾರಿ.

ಸರಕನ್ನು ಬೇರೆ ಲಾರಿಗೆ ತುಂಬಿದರು. ಮೈದುನ ಖಾಲಿ ಗಾಡಿ ತಂದು ನಿಲ್ಲಿಸಿದವನು ಅತ್ತಿಗೆಯನ್ನು ಒಂದು ಮಾತೂ ಅನ್ನಲಿಲ್ಲ. ಈಗ ನೂರು ಲಾರಿಯವರಲ್ಲಿ ಕೆಲಸಕ್ಕಿದ್ದಾನೆ. ನೋಂದಣಿ ರದ್ದಾಯಿತು. ಸುಳ್ಳು ಹೇಳಿದ್ದಕ್ಕೆ ಅವಳ ಹೆಸರಿನ ಹೊಸ ಅರ್ಜಿಯನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ. ಬ್ಯಾಟರಿ ಇಳಿದುಹೋಗದಿರಲಿ ಎಂದು ಅವಳು ಆಗಾಗ ಹೋಗಿ ಎಂಜಿನ್ ಚಾಲೂ ಮಾಡುತ್ತಾಳೆ. ಅದು ಬಿಸಿಯಾಗುವವರೆಗೆ ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ.