ಕೌದಿಯ ಹೊಟ್ಟೆ

ಜಗಳೂರಿನ ಬಯಲಿನಿಂದ ಹೊನ್ನಾಳಿಗೆ ಸೊಸೆಯಾಗಿ ಬಂದಾಗ ನನ್ನ ತವರಿನ ಜೋಳದ ರೊಟ್ಟಿಯ ಬಗ್ಗೆ ನಮ್ಮತ್ತೆ ಆಡದ ಮಾತಿಲ್ಲ. ಹಂಚಿನ ಚೂರು ಅನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಿಮ್ಮ ಅನ್ನ ಉಂಡರೆ ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ ಹಸಿವು ಎನ್ನುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ನೆರೆಗೆ ಬಿದ್ದುಹೋಗಿದ್ದ ನಮ್ಮ ಹೊಳೆದಂಡೆಯ ಓಣಿಯ ನೆನಪಿಗೆಂದು ಹೆಂಗಸರೆಲ್ಲ ಸೇರಿ ಒಂದು ಕೌದಿ ಹೊಲಿದೆವು. ಮನೆಗೊಂದು ಹಳೆ ಬಟ್ಟೆ. ಲೈಬ್ರರಿಯ ಪಕ್ಕದ ಕೋಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಊರಿನ ಹಳೆಯ ಫೋಟೋ, ಕೊಳಗ, ಹಂಡೆಗಳನ್ನು ಜನ ನೋಡಲೆಂದು ಜೋಡಿಸಿಟ್ಟಿದ್ದರು. ಕೌದಿಯೂ ಅಲ್ಲಿನ ಗೋಡೆಗೆ ಎಂದಾಗಿತ್ತು. ಮನುಷ್ಯರು ಹೊದೆಯುವುದನ್ನು ಗೋಡೆಗೆ ಹೊದಿಸುವುದು ನನಗಂತೂ ನಗೆ ತರಿಸಿತ್ತು.

ಅತ್ತೆ ಟ್ರಂಕಿನ ತಳದಿಂದ ಒಂದು ಹಳದಿ ಲಂಗ ತೆಗೆದರು. ನನ್ನ ಗಂಡನಿಗಿಂತ ಮೊದಲು ಹುಟ್ಟಿದ ಮಗಳದ್ದು. ಆ ಓಣಿಯ ಮನೆಯಲ್ಲೇ ಜ್ವರ ಬಂದು ತೀರಿಕೊಂಡಿದ್ದಳಂತೆ. ಜ್ವರಕ್ಕೆ ಅನ್ನ ಕೊಡಬಾರದೆಂದು ಹಿರಿಯರ ಕಟ್ಟಪ್ಪಣೆ. ಮಗು ಅನ್ನ, ಅನ್ನ ಎಂದು ಕೇಳುತ್ತಲೇ ಹೋಯಿತು. ಇದನ್ನು ಅತ್ತೆ ಲಂಗ ಕತ್ತರಿಸುತ್ತಾ ಹೇಳಿದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಕೊನೆಯ ಮೂಲೆ ಹೊಲಿಯುವಾಗ ನಾನು, "ನಮ್ ಕಡೆ ಕೌದಿ ಹೊಟ್ಟೆ ಬರಿದು ಬಿಡಲ್ಲ ಅತ್ತೆ. ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲೀತಾರೆ" ಎಂದೆ. ಎಲ್ಲರೂ ನಕ್ಕರು. ಅತ್ತೆ ಮಾತ್ರ ಸೂಜಿ ನಿಲ್ಲಿಸಿ, "ಹಂಗಾದ್ರೆ ಆ ಲಂಗದ ಕೆಳಗೇ ಇಡು" ಅಂದರು.

ವಿಷಯ ತಿಳಿದ ಮೇಷ್ಟ್ರು ಒಪ್ಪಲಿಲ್ಲ. "ಇಲಿ ಬರ್ತಾವೆ ಕಣ್ರಮ್ಮಾ. ಗೋಡೆಗೆ ಹಾಕೋ ಬಟ್ಟೆಗೆ ಯಾರಾದ್ರೂ ಊಟ ಇಡ್ತಾರಾ?"

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಹಸಿದ ಹೊಟ್ಟೇಲಿ ನನ್ ಮಗಳನ್ನ ಗ್ವಾಡೆಗೆ ತೂಗುಹಾಕಾಕೆ ನಾನು ಬಿಡಲ್ಲ. ಹೊಲಿಗೆ ಬಿಚ್ಚಿ ಲಂಗ ವಾಪಸ್ ಕೊಡ್ರಿ." ಮೇಷ್ಟ್ರು ತಣ್ಣಗಾದರು. ರೊಟ್ಟಿ ಸಮೇತ ಕೌದಿ ಗೋಡೆ ಏರಿತು.

ಮಳೆಗಾಲ ಕಳೆಯುವುದರೊಳಗೆ ಮೇಷ್ಟ್ರ ಮಾತೇ ನಿಜವಾಯಿತು. ಇಲಿ ಮೂಲೆ ಕಡಿದಿದೆ ಎಂದು ಹೇಳಿಕಳಿಸಿದರು. ದಾರಿಯುದ್ದಕ್ಕೂ ನಾನು ಅತ್ತೆಯ ಹಿಂದೆ ಹಿಂದೆಯೇ ನಡೆದೆ. ರೊಟ್ಟಿಯ ಮಾತೆತ್ತಿದವಳು ನಾನು, ಅತ್ತೆಗೆ ಮಗಳ ಗುರುತೆಂದು ಉಳಿದಿದ್ದು ಆ ತುಂಡೊಂದೇ.

ಮೇಷ್ಟ್ರು ಕೌದಿ ಇಳಿಸಿ ಮೇಜಿನ ಮೇಲೆ ಹಾಸಿದ್ದರು. ಹಳದಿ ಬಟ್ಟೆ ಉಳಿದಿತ್ತು, ಅಂಚಿನಲ್ಲಿ ಮಾತ್ರ ಬೆರಳು ತೂರುವಷ್ಟು ತೂತು. ಅತ್ತೆ ಬೆರಳು ಹಾಕಿ ಒಳಗೆಲ್ಲ ತಡವಿದರು. ರೊಟ್ಟಿಯ ಪುಡಿಯೂ ಸಿಗಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತಾ ನಿಂತೆ.

"ಎಲ್ಲಾ ತಿಂದಾಳೆ" ಅಂದರು ಅತ್ತೆ. ಆಮೇಲೆ ಕೂತು, ಸೆರಗಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತರು. ಅವರು ಅತ್ತಿದ್ದನ್ನು ನಾನು ಕಂಡಿದ್ದು ಅವತ್ತೇ.

ಸಮಾಧಾನವಾದ ಮೇಲೆ ಸೊಂಟದ ಚೀಲದಿಂದ ಸೂಜಿದಾರ ತೆಗೆದರು, ಜೊತೆಗೊಂದು ಪುಟ್ಟ ಗಂಟು. ಬಿಸಿಲಿಗೆ ಒಣಗಿಸಿದ ಅನ್ನದ ಅಗುಳು. ಮೇಷ್ಟ್ರು ಕೌದಿಯ ಅಂಚು ಎತ್ತಿ ಹಿಡಿದರು. ನಾನು ದಾರ ಪೋಣಿಸಿಕೊಟ್ಟೆ.

"ಈ ಸಲ ನಿನ್ ರೊಟ್ಟಿ ಬ್ಯಾಡವ್ವ" ಅಂದರು ಅತ್ತೆ. "ಅವ್ಳು ಕೇಳಿದ್ದು ಅನ್ನ."