ಬೇರು ತೊಳೆದ ಸ್ಟಾನೋಯ್ಕಾ

ಸಸಿ ನೋಡುವ ವಿಷಯದಲ್ಲಿ ಸ್ಟಾನೋಯ್ಕಾಳಿಗೆ ದೇವರೂ ಒಂದೇ, ದೆವ್ವವೂ ಒಂದೇ. ವಸಂತ ಬಂತೆಂದರೆ ಶುಮಾದಿಯಾ ಗುಡ್ಡಗಳ ಆ ಊರಿನವರು ಪ್ಲಮ್ ಸಸಿಗಳನ್ನು ನೆಡುವ ಮುನ್ನ ಅವಳ ಅಂಗಳಕ್ಕೆ ಹೊತ್ತು ತರುತ್ತಿದ್ದರು. ಅವಳು ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ನೋಡುವಳು, ಬೇರನ್ನು ಬೆರಳಿಗೆ ಸುತ್ತುವಳು. ಬಾಗಿದರೆ ಸರಿ. ಪಟಕ್ಕನೆ ಮುರಿದರೆ, "ಒಲೆಗೆ ಹಾಕು, ಅಲ್ಲಾದ್ರೂ ಕೆಲ್ಸಕ್ಕೆ ಬರುತ್ತೆ" ಎಂದು ಬೇಲಿಯಾಚೆ ಎಸೆಯುವಳು. ಪಾದ್ರಿಯ ಸಸಿಗಳನ್ನೂ ಹೀಗೇ ಎಸೆದಿದ್ದಳು, ಪುಣ್ಯಾತ್ಗಿತ್ತಿ!

ಆ ವರ್ಷ ಇಡೀ ಊರಿಗೆ ಸಸಿ ತಂದವನು ವಿತೋಮಿರ್, ಅವಳ ಮನೆಯ ಕುಮ್; ಅವನಿಗೆ ಅವಳು ಕುಮಾ. ಕುಮ್ ಎಂದರೆ ಸಾಮಾನ್ಯವೇ? ಆ ಮನೆಯ ಮಕ್ಕಳನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ನಿಲ್ಲುವವರು ತಲೆತಲಾಂತರದಿಂದ ಅವನ ವಂಶದವರೇ. ಹೆಸರಿಡುವವನೂ ಅವನೇ. ಅವನಿಟ್ಟ ಹೆಸರಿಗೆ ಹೆತ್ತವರೂ ತಕರಾರು ಎತ್ತುವಂತಿಲ್ಲ. ಅವನು ಮುನಿಸಿಕೊಂಡರೆ ಮನೆಗೆ ಶಾಪ ತಟ್ಟಿತೆಂದೇ ಲೆಕ್ಕ. ಸ್ಟಾನೋಯ್ಕಾಳ ಮೊದಲ ಮೊಮ್ಮಗಳ ದೀಕ್ಷಾಸ್ನಾನ ಮುಂದಿನ ಭಾನುವಾರವೇ ಇತ್ತು.

ವಿತೋಮಿರ್ ಸಸಿಗಳ ಬೇರನ್ನೆಲ್ಲ ಸಗಣಿ ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿಯೇ ತಂದಿದ್ದ. ಅದು ನೆಡುವ ಹೊತ್ತಿಗೆ ಮಾಡುವ ಕೆಲಸ. ಮೊದಲೇ ಅದ್ದಿಟ್ಟರೆ ಒಣಗಿದ ಬೇರೂ ಹಸಿಯಾಗಿ ಕಾಣುತ್ತದೆ. ನೋಡಿದ ಕೂಡಲೇ ಸ್ಟಾನೋಯ್ಕಾ ಒಂದು ಸಸಿಯನ್ನು ಕೈಗೆತ್ತಿಕೊಂಡಳು.

ಸೊಸೆ ಹಿಂದಿನಿಂದ ತೋಳು ಜಗ್ಗಿದಳು. "ಅತ್ತೆ, ನಿಮ್ ಕಾಲಿಗ್ ಬೀಳ್ತೀನಿ, ಇದೊಂದ್ಸಲ ಬಾಯಿ ಮುಚ್ಕೊಂಡಿರಿ. ಅವ್ನು ಬರ್ಲಿಲ್ಲ ಅಂದ್ರೆ ಮಗು ಗತಿ ಏನು?"

ಸ್ಟಾನೋಯ್ಕಾ ಬಾಯಿ ಮುಚ್ಚಿಕೊಂಡೇ ಒಂದು ಬಕೆಟ್ ನೀರು ತಂದು ಬೇರು ತೊಳೆಯತೊಡಗಿದಳು.

"ಏನ್ ಕುಮಾ, ನನ್ ಸಸೀನ ತೊಳ್ದು ನೋಡ್ತೀಯಾ?" ವಿತೋಮಿರ್‌ನ ಮೀಸೆ ಅದುರಿತು.

ಪಟಕ್. ಇನ್ನೊಂದು ತೊಳೆದಳು. ಅದೂ ಪಟಕ್.

"ಅಲ್ಲಯ್ಯಾ, ಇದು ಸತ್ತು ನಲವತ್ತನೇ ದಿನದ ಊಟಾನೂ ಆಗೋಗಿದೆ! ಈ ಕಡ್ಡಿ ನೆಟ್ಟು ಜನ ಪ್ಲಮ್ ರಕಿಯಾ ಸಾರಾಯೀನ ಎಲ್ಲಿಂದ ಇಳಿಸ್ಬೇಕು? ನಿನ್ ಮೀಸೆ ಹಿಂಡ್ಕೋಬೇಕಾ?"

"ಹಂಗಾದ್ರೆ ಭಾನುವಾರಕ್ಕೆ ಬೇರೆ ಕುಮ್‌ನ ಹುಡುಕ್ಕೋ!" ವಿತೋಮಿರ್ ಗಾಡಿ ತಿರುಗಿಸಿಕೊಂಡು ಹೊರಟೇಹೋದ.

ಆ ವಾರವೆಲ್ಲ ಸೊಸೆ ಮಾತು ಬಿಟ್ಟಳು. ಮೊಮ್ಮಗಳ ಮುಖ ನೋಡಿದಾಗೆಲ್ಲ ಸ್ಟಾನೋಯ್ಕಾ ವಿತೋಮಿರ್‌ನ ಮನೆಗೆ ಹೊರಡಲು ಏಳುತ್ತಿದ್ದಳು. ಆದರೂ ತಪ್ಪಾಯಿತು ಎನ್ನಲು ಆ ಹಾಳು ನಾಲಿಗೆ ಹೊರಳಬೇಕಲ್ಲ!

ಭಾನುವಾರ ಚರ್ಚಿನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿತೋಮಿರ್ ನಿಂತಿದ್ದ. "ನಿನ್ ಮುಖ ನೋಡ್ಕೊಂಡು ಬಂದಿಲ್ಲ" ಎಂದವನೇ ಮಗುವನ್ನು ಕಿತ್ತುಕೊಂಡು ಒಳಗೆ ನಡೆದ.

ಪಾದ್ರಿ ಹೆಸರು ಕೇಳಿದರು.

"ಸ್ಟಾನೋಯ್ಕಾ" ಎಂದ ವಿತೋಮಿರ್. "ಈ ಮುದುಕಿ ಸತ್ಮೇಲೂ ನಮ್ಗೆ ಬಯ್ಯೋರು ಒಬ್ರು ಬೇಕಲ್ಲ."

ಸ್ಟಾನೋಯ್ಕಾ ಗೊಳೋ ಎಂದು ಅತ್ತಳು. ಸೊಸೆ ಅವಳಿಗಿಂತ ಜೋರಾಗಿ ಅತ್ತಳು.